ಸೂಪರ್ 8 ರೀಲಿನ ದನಿಯೂ ಬೇಕಾದರೆ ಈ ಅಂಗಡಿಗೆ ಹೋಗಿ

ಮನೆಯಲ್ಲಿ ಸೂಪರ್ 8, ಅಂದರೆ 8 ಮಿಲಿಮೀಟರ್ ಅಗಲದ ಫಿಲ್ಮಿನ ಹಳೇ ಹೋಮ್ ಮೂವಿ ರೀಲು ಇಟ್ಟುಕೊಂಡವರಿಗಾಗಿ ಬರೀತಿದ್ದೀನಿ. ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆ ಹತ್ತಿರ, ಒಳಗಿನ ಓಣಿಯಲ್ಲಿ ಒಂದು ಸಣ್ಣ ಅಂಗಡಿ ಇದೆ. ಮೊದಲು ಪ್ರೊಜೆಕ್ಟರ್, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದವರು ಈಗ ರೀಲು, ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡಿಕೊಡುತ್ತಾರೆ. ಬರೀ ಚಿತ್ರ ತೆಗೆದುಕೊಡುವವರು ಬೇಕಾದಷ್ಟು ಜನ ಇದ್ದಾರೆ. ಇವರು ದನಿಯನ್ನೂ ತೆಗೆದುಕೊಡುತ್ತಾರೆ.

ನಮ್ಮ ಕಾಕಾ 70ರ ದಶಕದ ಕೊನೆಗೆ ವಿದೇಶದಿಂದ ಕ್ಯಾಮೆರಾ ತಂದು ಧಾರವಾಡದ ಮನೆ ಮದುವೆ, ಉಣಕಲ್ ಕೆರೆ, ಸಿದ್ಧಾರೂಢ ಮಠದ ಜಾತ್ರೆ ಎಲ್ಲ ಹಿಡಿದಿದ್ದರು. ದನಿಯೂ ಜೊತೆಗೇ ದಾಖಲಾಗುವ ಸೂಪರ್ 8 ಫಿಲ್ಮನ್ನು ಕೊಡಾಕ್ ಕಂಪನಿ 1973ರಲ್ಲಿ ತಂದಿತ್ತು, ಇವು ಆ ಜಾತಿಯ ರೀಲುಗಳು. ಮೊದಲು ಬೇರೊಂದು ಕಡೆ ಕೊಟ್ಟಿದ್ದೆವು. ಅವರು ಮೂಕಿ ಚಿತ್ರ ಕೈಗಿಟ್ಟು "ಆವಾಜ್ ಎಲ್ಲಾ ಹೋಗೇತ್ರಿ" ಅಂದುಬಿಟ್ಟರು. ಅವರ ಸ್ಕ್ಯಾನರ್‌ನಲ್ಲಿ ದನಿ ಓದುವ ಹೆಡ್ಡೇ ಇರಲಿಲ್ಲ! ಅಗ್ಗದ ಸ್ಕ್ಯಾನರ್‌ಗಳು ಚಿತ್ರದ ಫೋಟೋ ಮಾತ್ರ ತೆಗೀತವೆ. ಅದನ್ನು ಹೇಳದೆ ರೀಲಿನ ಮೇಲೆ ತಪ್ಪು ಹಾಕಿದ್ದು ನನಗೆ ಇವತ್ತಿಗೂ ಸಿಟ್ಟಿನ ವಿಷಯ, ಯಾಕಂದ್ರೆ ಆ ಮಾತು ನಂಬಿ ಎಷ್ಟು ಜನ ರೀಲು ಎಸೆದಿರಬಹುದು ಅಲ್ವಾ?

ಈ ಅಂಗಡಿಯವರು ಮಾಡಿದ ಮೊದಲ ಕೆಲಸ ಫಿಲ್ಮನ್ನು ಟ್ಯೂಬ್ ಲೈಟಿಗೆ ಓರೆಯಾಗಿ ಹಿಡಿದದ್ದು. ತೂತುಗಳಿಲ್ಲದ ಅಂಚಿನಲ್ಲಿ ದನಿ ದಾಖಲಾಗಿರುವ ಒಂದು ಕಂದು ಕಾಂತೀಯ ಪಟ್ಟಿ, ತೂತುಗಳ ಕಡೆ ಇನ್ನೂ ಸಣ್ಣದೊಂದು. "ನೋಡ್ರಿ, ಪಟ್ಟಿ ಗಟ್ಟಿ ಐತಿ. ಆವಾಜ್ ಎಲ್ಲೂ ಹೋಗಿಲ್ರಿ" ಅಂದರು. ಆಮೇಲೆ ಡಬ್ಬಿ ತೆಗೆದು ಮೂಸಿ ನೋಡಿದರು. ಹುಳಿ ವಿನೆಗರ್ ವಾಸನೆ ಬಂದರೆ ಅಸಿಟೇಟ್ ಎಂಬ ಪ್ಲಾಸ್ಟಿಕ್‌ನ ಫಿಲ್ಮು ಕೊಳೆಯಲು ಶುರುವಾಗಿದೆ ಅಂತ ಅರ್ಥ. ಪಟ್ಟಿಯಲ್ಲಿರುವ ಕಬ್ಬಿಣದ ಆಕ್ಸೈಡ್ ಆ ಕೊಳೆತವನ್ನು ಇನ್ನೂ ಬೇಗ ಮಾಡುತ್ತದೆ, ಹಾಗಾಗಿ ದನಿ ಇರುವ ರೀಲಿಗೆ ಅಪಾಯ ಜಾಸ್ತಿ.

ಪ್ರೊಜೆಕ್ಟರ್‌ಗೆ ಹಾಕಿದಾಗ ಆಯಿಯ ಮಾತು ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗೆ ಕೇಳಿಸಿತು. ಅವರು ಹತ್ತಿ ಸುತ್ತಿದ ಕಡ್ಡಿಯಿಂದ ಫಿಲ್ಮನ್ನು ಹೆಡ್‌ಗೆ ಮೆಲ್ಲಗೆ ಒತ್ತಿದರು. ತಕ್ಷಣ ಸ, ಶ ಎಲ್ಲ ಬಿಡಿಬಿಡಿಯಾಗಿ ಕೇಳಿಸತೊಡಗಿತು! ಸೆಕೆಂಡಿಗೆ 18 ಫ್ರೇಮ್ (ಬಿಡಿ ಚಿತ್ರ) ವೇಗದಲ್ಲಿ ಫಿಲ್ಮು ಸೆಕೆಂಡಿಗೆ ಬರೀ 7.6 ಸೆಂಟಿಮೀಟರ್ ಓಡುತ್ತದೆ. ಅಷ್ಟು ನಿಧಾನ ಓಡುವಾಗ ಪಟ್ಟಿಗೂ ಹೆಡ್ಡಿಗೂ ನಡುವೆ 5 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಐದು ಭಾಗ) ಸಂದಿ ಬಿದ್ದರೂ 5,000 ಹರ್ಟ್ಜ್ ಹತ್ತಿರದ, ಅಂದರೆ ಸ, ಶ ಥರದ ಚೂಪು ದನಿ 18 ಡೆಸಿಬೆಲ್‌ನಷ್ಟು ಕುಗ್ಗುತ್ತದೆ. ತಲೆಗೂದಲು ಆ ಸಂದಿಗಿಂತ ಎಷ್ಟೋ ಪಟ್ಟು ದಪ್ಪ. ಫಿಲ್ಮು ಸೊಟ್ಟಗಾಗಿದ್ದರೆ, ಹೆಡ್ ಮೇಲೆ ಕೊಳೆ ಇದ್ದರೆ, ಒತ್ತಿ ಹಿಡಿಯುವ ಪ್ಯಾಡ್ ಸವೆದಿದ್ದರೆ ಇದೇ ಗತಿ. ಇವರು ಪ್ಯಾಡ್ ಬದಲಿಸಿ, ಹೆಡ್ ಒರೆಸಿ, ಹೆಡ್‌ನಲ್ಲಿ ಉಳಿದಿದ್ದ ಕಾಂತಶಕ್ತಿ ಇಳಿಸಿ, ಆಮೇಲೆ ರೆಕಾರ್ಡ್ ಮಾಡಿದರು. ಪ್ರೊಜೆಕ್ಟರ್‌ನ ರೆಕಾರ್ಡ್ ಗುಂಡಿ ಮೇಲೆ ಟೇಪ್ ಅಂಟಿಸಿಟ್ಟಿದ್ದು ನನಗೆ ತುಂಬ ಹಿಡಿಸಿತು. ಅದನ್ನು ಅಪ್ಪಿತಪ್ಪಿ ಒತ್ತಿದರೆ ಇದ್ದ ದನಿ ಅಳಿಸಿಹೋಗುತ್ತದೆ.

ಒಂದು ರೀಲು ಮಾತ್ರ ಕೈಬಿಟ್ಟಿತು. ಪಟ್ಟಿಯೇ ಉದುರಿ ಡಬ್ಬಿಯ ತಳದಲ್ಲಿ ಕಂದು ಪುಡಿ ಬಿದ್ದಿತ್ತು. ಅದನ್ನು ಯಾವ ಸಾಫ್ಟ್‌ವೇರೂ ತರಲಾರದು ಅಂತ ನೇರವಾಗಿ ಹೇಳಿ, ಆ ರೀಲಿನ ದನಿಗೆ ದುಡ್ಡು ತಗೊಳ್ಳಲಿಲ್ಲ. ಕಾಕಾ ಕತ್ತರಿಸಿ ಅಂಟಿಸಿದ ಕಡೆಗಳಲ್ಲೂ ಮಾತು ಅರ್ಧಂಬರ್ಧ. ಸೂಪರ್ 8ರಲ್ಲಿ ದನಿ ಚಿತ್ರಕ್ಕಿಂತ 18 ಫ್ರೇಮ್ ಮುಂದೆ ಇರುತ್ತದೆ, ಅಂದರೆ ಈ ವೇಗದಲ್ಲಿ ಸರಿಯಾಗಿ ಒಂದು ಸೆಕೆಂಡು. ಚಿತ್ರ ನೋಡಿ ಕತ್ತರಿ ಹಾಕಿದರೆ ಆ ಶಾಟಿನ ಮೊದಲ ಸೆಕೆಂಡಿನ ಮಾತು ಹಿಂದಿನ ತುಂಡಿನ ಜೊತೆ ಹೋಗಿಬಿಡುತ್ತದೆ.

ಕೊರತೆಗಳೂ ಇವೆ. ಹೇಳಿದ ದಿನಕ್ಕೆ ಕೆಲಸ ಮುಗಿಯಲಿಲ್ಲ, ಸುಮ್ನೆ ಎರಡು ಸಲ ಓಡಾಡಿದ್ದಾಯಿತು. ಗುರ್ ಅನ್ನುವ ಸದ್ದು ತೆಗೆಯಲು ಹೋಗಿ ಮೊದಲ ಫೈಲಿನಲ್ಲಿ ದನಿಯನ್ನೂ ತೆಳ್ಳಗೆ ಮಾಡಿಬಿಟ್ಟಿದ್ದರು. ಕೇಳಿದ ಮೇಲೆ ಏನೂ ತಿದ್ದದ ಮೂಲ ರೆಕಾರ್ಡಿಂಗನ್ನೂ ಪೆನ್ ಡ್ರೈವ್‌ಗೆ ಹಾಕಿಕೊಟ್ಟರು. ನೀವು ಮೊದಲೇ ಎರಡೂ ಬೇಕು ಅಂತ ಹೇಳಿಬಿಡಿ. ದರ ಅಡಿ ಲೆಕ್ಕ, ದನಿ ಬೇಕಾದರೆ ಜಾಸ್ತಿ. ನನಗೆ ಅದು ದುಬಾರಿ ಅನಿಸಲಿಲ್ಲ. ಗದಗ, ಹಾವೇರಿಯಿಂದ ಬರುವವರು ರೀಲನ್ನು ಮನೆಯಲ್ಲಿ ಓಡಿಸಿ ನೋಡಬೇಡಿ, ಸ್ಪೀಕರ್ ಪಕ್ಕ ಇಡಬೇಡಿ, ಹಾಗೇ ಡಬ್ಬಿಯಲ್ಲಿ ತನ್ನಿ. ಭಾನುವಾರ ಅಂಗಡಿ ಬಂದ್. ಮಧ್ಯಾಹ್ನ ಊಟದ ಹೊತ್ತಿಗೂ ಬಾಗಿಲು ಹಾಕಿರುತ್ತಾರೆ, ಬೆಳಿಗ್ಗೆಯೇ ಹೋಗಿ.