ಚಾರ್ಮಾಡಿ ಮಳೆಗೆ ಯಾವ ಟೈರ್? ಆಲ್ ವೆದರ್, ಆಲ್ ಸೀಸನ್, ವಿಂಟರ್ ಎಲ್ಲ ವಿಚಾರಿಸಿ ನಾನು ಹಾಕಿಸಿದ್ದು

2025ರ ಸೆಪ್ಟೆಂಬರ್ ಮೊದಲ ವಾರ. ಹುಬ್ಬೆ ಮಳೆ ಜೋರಾಗಿತ್ತು. ಮಗಳು ಉಜಿರೆಯಲ್ಲಿ ಓದುತ್ತಾಳೆ, ಅವಳನ್ನು ಹಾಸ್ಟೆಲ್‌ಗೆ ಬಿಡಲು ಮೂಡಿಗೆರೆಯಿಂದ ಹೊರಟಿದ್ದೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಒಂದು ತಿರುವಿನಲ್ಲಿ ಗುಡ್ಡದ ನೀರು ರಸ್ತೆಗೆ ಅಡ್ಡ ಹರಿಯುತ್ತಿತ್ತು. ಸ್ಪೀಡು 40ರ ಆಸುಪಾಸು. ಬ್ರೇಕ್ ಒತ್ತಿದೆ, ಸ್ಟೀರಿಂಗ್ ತಿರುಗಿಸಿದೆ, ಕಾರು ಮಾತ್ರ ನೇರ ಹೋಯಿತು. ಸ್ಟೀರಿಂಗ್ ಕೈಯಲ್ಲಿ ಹತ್ತಿಯ ಹಾಗೆ ಹಗುರ. ಒಂದೆರಡು ಸೆಕೆಂಡ್ ಇರಬಹುದು ಅಷ್ಟೆ, ಆಮೇಲೆ ಗ್ರಿಪ್ ಸಿಕ್ಕಿ ಚರಂಡಿಯ ಅಂಚಿನಲ್ಲಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಮಗಳು ಡ್ಯಾಶ್‌ಬೋರ್ಡ್ ಮೇಲೆ ಎರಡೂ ಕೈ ಊರಿ ಕೂತವಳು ಉಜಿರೆ ಬರುವವರೆಗೂ ತೆಗೆಯಲಿಲ್ಲ.

ವಾಪಸ್ ಬಂದ ರಾತ್ರಿ ಟಾರ್ಚ್ ಹಿಡಿದು ಟೈರ್ ನೋಡಿದೆ. 46 ಸಾವಿರ ಕಿಲೋಮೀಟರ್ ಓಡಿದ ಟೈರ್. ಕಣ್ಣಿಗೆ ಬೋಳಾಗಿ ಕಾಣುತ್ತಿರಲಿಲ್ಲ, ಅದಕ್ಕೇ ಅಷ್ಟು ದಿನ ಸುಮ್ನೆ ಇದ್ದೆ. ಒಂದು ಬೆಂಕಿಕಡ್ಡಿಯನ್ನು ಟೈರಿನ ಮಧ್ಯದ ತೋಡಿನೊಳಗೆ ಇಳಿಸಿ, ಉಗುರಿನಿಂದ ಗುರುತು ಹಿಡಿದು, ಮಗಳ ಸ್ಕೇಲಿಗೆ ಇಟ್ಟು ನೋಡಿದರೆ ಎರಡು ಮಿಲಿಮೀಟರ್ ಚಿಲ್ಲರೆ. ಹೊಸ ಟೈರಿನಲ್ಲಿ ಏಳೆಂಟು ಮಿಲಿಮೀಟರ್ ಇರುತ್ತದೆ. ಕಾನೂನಿನ ಪ್ರಕಾರ 1.6 ಮಿಲಿಮೀಟರ್‌ವರೆಗೆ ಓಡಿಸಬಹುದು, ಹಾಗಾಗಿ ಲೆಕ್ಕಕ್ಕೆ ನನ್ನ ಟೈರ್ ಪಾಸ್! ಆದರೆ ನೀರು ಹೊರಗೆ ಹೋಗುವುದು ಆ ತೋಡುಗಳಲ್ಲೇ ಅಲ್ವಾ? ಆಳ ಇಲ್ಲದಿದ್ದರೆ ನೀರು ಟೈರಿನ ಅಡಿಯಲ್ಲೇ ಉಳಿಯುತ್ತದೆ, ಟೈರ್ ರಸ್ತೆ ಬಿಟ್ಟು ನೀರಿನ ಮೇಲೆ ತೇಲುತ್ತದೆ. ನನಗೆ ಆಗಿದ್ದು ಅದೇ.

ತಂಗಿ ಕೆನಡಾದ ಮಾಂಟ್ರಿಯಲ್‌ನಲ್ಲಿದ್ದಾಳೆ. ಫೋನಿನಲ್ಲಿ ವಿಷಯ ಹೇಳಿದ ಕೂಡಲೇ, "ಅಕ್ಕ, ನೀನು ಸುಮ್ನೆ ಆಲ್ ವೆದರ್ ಹಾಕ್ಸು, ಮಳೆ ಬಿಸಿಲು ಎಲ್ಲಕ್ಕೂ ಆಗುತ್ತೆ" ಅಂದಳು. ಮಾರನೆಯ ದಿನ ಒಂದು ಟೈರ್ ಅಂಗಡಿಗೆ ಹೋದರೆ ಅಲ್ಲೂ ಅದೇ ಮಾತು. "ನಿಮ್ಮ ಮಲೆನಾಡಿಗೆ ಆಲ್ ವೆದರೇ ಬೇಕು ಮೇಡಂ, ಟೈರಿಗೆ ಸಾವಿರದ ಐನೂರು ಜಾಸ್ತಿ." ಎಲ್ಲಿ ಬರೆದಿದೆ ತೋರಿಸಿ ಎಂದೆ. ಟೈರಿಗೆ ಸುತ್ತಿದ್ದ ಕಾಗದದ ಮೇಲೆ ಮೋಡ, ಸೂರ್ಯನ ಚಿತ್ರ ಇತ್ತು, ಅಷ್ಟೆ. ಟೈರಿನ ಮೈಮೇಲೆ ಆಲ್ ವೆದರ್ ಅನ್ನುವ ಗುರುತೇನೂ ಇಲ್ಲ. ತಯಾರಾದ ವಾರ ನೋಡಿದರೆ 2022ರದ್ದು. ಮೂರು ವರ್ಷ ಗೋಡೌನಿನಲ್ಲಿ ಕೂತ ಟೈರಿಗೆ ಹೆಚ್ಚುವರಿ ದುಡ್ಡು ಕೇಳುತ್ತಿದ್ದರು. ಕೋಪ ಬಂದಿದ್ದು ನಿಜ. ಘಾಟಿಯಲ್ಲಿ ಜಾರಿ ಹೆದರಿಕೊಂಡು ಬಂದವರಿಗೆ ಹೀಗೆ ಮಾರಬಾರದು. ಹತ್ತು ದಿನ ಓದಿ, ಕೇಳಿ, ತಂಗಿಗೂ ಮತ್ತೆ ಫೋನ್ ಮಾಡಿ ತಿಳಿದುಕೊಂಡೆ. ನನ್ನ ಹಾಗೆ ಗೊಂದಲದಲ್ಲಿರುವವರಿಗೆ ಬೇಕಾಗುತ್ತದೆ ಅಂತ ಎಲ್ಲ ಬರೆಯುತ್ತಿದ್ದೇನೆ.

ಮೊದಲು ವಿಂಟರ್ ಟೈರ್. ಇದು ಚಳಿ ದೇಶದ ಸಾಮಾನು. ರಬ್ಬರ್ ತಣ್ಣಗಾದಷ್ಟೂ ಗಟ್ಟಿಯಾಗುತ್ತದೆ, ಗಟ್ಟಿಯಾದರೆ ರಸ್ತೆಗೆ ಕಚ್ಚುವುದಿಲ್ಲ. ಸುಮಾರು 7 ಡಿಗ್ರಿಗಿಂತ ಕೆಳಗೆ ಹೋದಾಗಲೂ ಮೆತ್ತಗೇ ಇರುವ ರಬ್ಬರ್‌ನಲ್ಲಿ ವಿಂಟರ್ ಟೈರ್ ಮಾಡುತ್ತಾರೆ. ರಸ್ತೆಗೆ ತಾಗುವ ರಬ್ಬರ್ ಬಟನ್‌ಗಳ ಮೇಲೆ ಬ್ಲೇಡಿನಲ್ಲಿ ಗೀರಿದ ಹಾಗೆ ನೂರಾರು ಸಣ್ಣ ಸೀಳುಗಳಿರುತ್ತವೆ, ಅವು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಫಿನ್‌ಲ್ಯಾಂಡ್‌ನ ನೋಕಿಯನ್ ಕಂಪನಿ 1934ರಲ್ಲೇ ಲಾರಿಗಳಿಗೆ ಇಂಥ ಟೈರ್ ಮಾಡಿತ್ತು. ತಂಗಿ ಇರುವ ಪ್ರಾಂತ್ಯ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರ್ ಕಡ್ಡಾಯ. ಅವಳ ಮನೆಯಲ್ಲಿ ಎರಡು ಸೆಟ್ ಇವೆ, ವರ್ಷಕ್ಕೆ ಎರಡು ಸಲ ಬದಲಾಯಿಸುತ್ತಾರೆ. ನಮ್ಮಲ್ಲಿ? ಜನವರಿ ಬೆಳಗ್ಗೆ ಮುಳ್ಳಯ್ಯನಗಿರಿ ಹತ್ತಿದರೆ ಹಲ್ಲು ಕಟಕಟ ಅನ್ನುತ್ತದೆ ನಿಜ, 1,930 ಮೀಟರ್ ಎತ್ತರ, ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಬೆಟ್ಟ ಇಲ್ಲ. ಆದರೂ ಅಲ್ಲಿ ಬೀಳುವುದು ಮಂಜು, ಹಿಮ ಅಲ್ಲ. ಏಪ್ರಿಲ್ ಬಿಸಿಲಿಗೆ ಹಾಸನದಿಂದ ಬೆಂಗಳೂರಿಗೆ ಹೋಗುವ ರಸ್ತೆಯಲ್ಲಿ ಈ ಮೆತ್ತನೆ ರಬ್ಬರ್ ಬೇಗ ಸವೆದು ಹೋಗುತ್ತದೆ. ಅದಕ್ಕಿಂತ ಮುಖ್ಯ, ಬಿಸಿ ರಸ್ತೆಯಲ್ಲಿ ಬ್ರೇಕ್ ಹಾಕಿದರೆ ಕಾರು ನಿಲ್ಲಲು ಜಾಸ್ತಿ ದೂರ ಬೇಕಾಗುತ್ತದೆ. ವಿಂಟರ್ ಟೈರ್ ನಮಗೆ ಬೇಡವೇ ಬೇಡ.

ಆಲ್ ಸೀಸನ್, ಆಲ್ ವೆದರ್ ಅನ್ನುವ ಎರಡು ಹೆಸರಲ್ಲೇ ಎಲ್ಲ ಗೊಂದಲ. ಅಮೆರಿಕದಲ್ಲಿ ಗುಡ್‌ಇಯರ್ ಕಂಪನಿ 1977ರಲ್ಲಿ ಟಿಯೆಂಪೊ ಅನ್ನುವ ಆಲ್ ಸೀಸನ್ ಟೈರ್ ತಂದಿತು. ಬಿಸಿಲು, ಮಳೆ, ಒಂಚೂರು ಹಿಮಕ್ಕೆ ಒಂದೇ ಸೆಟ್ ಅನ್ನುವ ಯೋಚನೆ. ಅಂಥ ಟೈರ್‌ಗಳ ಮೇಲೆ ಎಂ ಪ್ಲಸ್ ಎಸ್ ಅಂತ ಇರುತ್ತದೆ, ಅಂದರೆ ಕೆಸರು ಮತ್ತು ಹಿಮ. ಅದು ಕಂಪನಿಯವರೇ ಹಾಕಿಕೊಳ್ಳುವ ಗುರುತು, ಹಿಮದ ಮೇಲೆ ಪರೀಕ್ಷೆ ಪಾಸಾಗಬೇಕು ಅಂತೇನಿಲ್ಲ. ಆಮೇಲೆ ಬಂದದ್ದು ಆಲ್ ವೆದರ್. ಅದರ ಮೇಲೆ ಮೂರು ಶಿಖರದ ಬೆಟ್ಟ, ಬೆಟ್ಟದ ಒಳಗೆ ಒಂದು ಹಿಮದ ಹರಳು, ಹೀಗೆ ಒಂದು ಗುರುತು ಇರುತ್ತದೆ. ಹಿಮದ ಮೇಲೆ ಪರೀಕ್ಷೆ ಮಾಡಿ ಪಾಸಾದರೆ ಮಾತ್ರ ಆ ಗುರುತು. ಜರ್ಮನಿಯಲ್ಲಿ 2024ರ ಅಕ್ಟೋಬರ್‌ನಿಂದ ಹಿಮದ ರಸ್ತೆಗೆ ಬರೀ ಎಂ ಪ್ಲಸ್ ಎಸ್ ಸಾಲದು, ಈ ಬೆಟ್ಟದ ಗುರುತೇ ಬೇಕು. ಇನ್ನೊಂದು ವಿಷಯ, ಯುರೋಪಿನಲ್ಲಿ ಆಲ್ ಸೀಸನ್ ಅಂತ ಮಾರುವ ಟೈರ್‌ಗೆ ಸಾಮಾನ್ಯವಾಗಿ ಬೆಟ್ಟದ ಗುರುತು ಇದ್ದೇ ಇರುತ್ತದೆ, ಅಂದರೆ ಕೆನಡಾದವರು ಆಲ್ ವೆದರ್ ಅನ್ನುವುದನ್ನೇ ಅವರು ಆಲ್ ಸೀಸನ್ ಅನ್ನುತ್ತಾರೆ. ಹಾಗಾಗಿ ಹೆಸರು ನಂಬಬೇಡಿ, ಟೈರಿನ ಮೈಮೇಲಿನ ಗುರುತು ನೋಡಿ.

ಇಷ್ಟೆಲ್ಲ ಓದಿದ ಮೇಲೆ ನನಗೆ ಹೊಳೆದದ್ದು ಒಂದು. ಆ ಬೆಟ್ಟದ ಗುರುತು ಹಿಮದ ಬಗ್ಗೆ ಮಾತ್ರ ಹೇಳುತ್ತದೆ. ಮಳೆ ನೀರಿನಲ್ಲಿ ಟೈರ್ ಹೇಗೆ ನಿಲ್ಲುತ್ತದೆ ಅಂತ ಅದು ಏನೂ ಹೇಳುವುದಿಲ್ಲ! ನಮ್ಮ ಊರಿನ ವೆದರ್ ಅಂದರೆ ಮಳೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಹುಯ್ಯುವ ಮಳೆ. ನಮಗೆ ಬೇಕಾದ್ದು ಒದ್ದೆ ರಸ್ತೆಯ ಗ್ರಿಪ್ ಚೆನ್ನಾಗಿರುವ, ಅಗಲ ತೋಡಿನ, ಹೊಸದಾಗಿ ತಯಾರಾದ ಸಾಮಾನ್ಯ ರೋಡ್ ಟೈರ್. ತಂಗಿಗೂ ಹೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹೌದಲ್ವಾ ಅಕ್ಕ, ನಾನು ಇಲ್ಲಿಯದ್ದನ್ನೇ ಹೇಳಿಬಿಟ್ಟೆ" ಅಂದಳು.

ಹಾಸನಕ್ಕೆ ಹೋಗಿದ್ದು ಪರಿಚಯದವರು ಹೇಳಿದರು ಅಂತ. ಬಿ.ಎಂ. ರಸ್ತೆಯಲ್ಲಿ ಒಂದು ಟೈರ್ ಅಂಗಡಿ, ದೊಡ್ಡದೇನಲ್ಲ, ಒಳಗೆ ಎರಡು ಕಾರು ನಿಲ್ಲುವಷ್ಟು ಜಾಗ. ಯಜಮಾನರಿಗೆ ಅರವತ್ತು ದಾಟಿರಬೇಕು. ನಾನು ಬಾಯಿ ಬಿಡುವ ಮೊದಲೇ ಮುಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತರು. ಜೇಬಿನಿಂದ ಪೆನ್ನಿನಷ್ಟು ಉದ್ದದ ಡೆಪ್ತ್ ಗೇಜ್ ತೆಗೆದು ಒಳಗೆ, ಮಧ್ಯೆ, ಹೊರಗೆ ಮೂರು ಕಡೆ ಇಟ್ಟರು. "ಮೇಡಂ, ಒಳಗಿನ ಅಂಚು ಒಂದೂವರೆಗೆ ಬಂದಿದೆ ನೋಡಿ, ನಿಮಗೆ ಹೊರಗಿನಿಂದ ಕಾಣೋದಿಲ್ಲ. ಅಲೈನ್‌ಮೆಂಟ್ ಹೋಗಿದೆ." ತೋಡಿನ ತಳದಲ್ಲಿ ಅಡ್ಡಕ್ಕೆ ಒಂದು ಸಣ್ಣ ದಿಬ್ಬ ಇತ್ತು, ನನ್ನ ಬೆರಳನ್ನೇ ಅದರ ಮೇಲೆ ಆಡಿಸಿದರು. ಅದು ಸವೆತದ ಗುರುತು. ಟೈರಿನ ಮೇಲ್ಮೈ ಆ ದಿಬ್ಬಕ್ಕೆ ಸಮ ಬಂದರೆ ಮುಗಿಯಿತು. ಒಳಗಿನ ಅಂಚಿನಲ್ಲಿ ಬೆರಳಿಗೆ ದಿಬ್ಬವೇ ಸಿಗಲಿಲ್ಲ, ಎಲ್ಲ ಒಂದೇ ಸಮ. ನಾನು ಬೆಂಕಿಕಡ್ಡಿ ಇಟ್ಟಿದ್ದು ಮಧ್ಯದಲ್ಲಿ ಮಾತ್ರ, ಒಳಗಿನ ಅಂಚು ನೋಡಿರಲೇ ಇಲ್ಲ.

ಆ ಮನುಷ್ಯರ ಮೇಲೆ ನಂಬಿಕೆ ಬಂದಿದ್ದು ಆಮೇಲಿನ ಮಾತಿಗೆ. "ಇವತ್ತೇ ತಗೊಳ್ಳಿ ಅಂತ ನಾನು ಹೇಳೋದಿಲ್ಲ. 22ನೇ ತಾರೀಖಿನಿಂದ ಟೈರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯುತ್ತೆ. ಆದರೆ ಅಲ್ಲಿವರೆಗೆ ಘಾಟಿ ಇಳಿಯಬೇಡಿ, ಮಗಳು ಬಸ್ಸಿನಲ್ಲಿ ಬರಲಿ." ಅವತ್ತು ವ್ಯಾಪಾರ ಆಗದಿದ್ದರೂ ಪರವಾಗಿಲ್ಲ ಅಂತ ಗಿರಾಕಿಗೆ ಹೀಗೆ ಹೇಳುವವರು ಎಷ್ಟು ಜನ ಸಿಗುತ್ತಾರೆ? ಕಾರನ್ನು ನಿಧಾನಕ್ಕೆ ಮನೆಗೆ ತಂದು ನಿಲ್ಲಿಸಿದೆ. ಮಗಳು ಎರಡು ವಾರ ಬಸ್ಸಿನಲ್ಲೇ ಓಡಾಡಿದಳು. ತಿಂಗಳ ಕೊನೆಗೆ ಮತ್ತೆ ಹೋದೆ.

ನನ್ನ ಕಾರು ಸ್ವಿಫ್ಟ್‌ನ ಟೈರ್ ಸೈಜ್ 185/65 ಆರ್15. ಟೈರಿನ ಅಗಲ 185 ಮಿಲಿಮೀಟರ್, ಗೋಡೆಯ ಎತ್ತರ ಆ ಅಗಲದ ಶೇಕಡ 65, ರಿಮ್ 15 ಇಂಚು. ಅಗಲ ಜಾಸ್ತಿ ಮಾಡಿದರೆ ಗ್ರಿಪ್ ಜಾಸ್ತಿ ಅಂತ ನಾನೂ ಅಂದುಕೊಂಡಿದ್ದೆ. ಅಗಲ ಟೈರ್ ನಿಂತ ನೀರಿನಲ್ಲಿ ಇನ್ನೂ ಬೇಗ ತೇಲುತ್ತದೆ, ಕಂಪನಿ ಕೊಟ್ಟ ಸೈಜೇ ಇರಲಿ ಅಂದರು. ಮೂರು ನಾಲ್ಕು ಬ್ರಾಂಡ್ ಮುಂದಿಟ್ಟರು. ನಾನು ಆರಿಸಿದ್ದು ಮಿಶೆಲಿನ್ ಪ್ರೈಮಸಿ 4 ಎಸ್‌ಟಿ. ಬೆಟ್ಟದ ಗುರುತೂ ಇಲ್ಲ, ಆಲ್ ವೆದರ್ ಅನ್ನುವ ಹೆಸರೂ ಇಲ್ಲ. ಟೈರಿನ ಮೈಮೇಲೆ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿಸಿದರು. 2625 ಅಂತ ಇತ್ತು, ಅಂದರೆ 2025ರ 26ನೇ ವಾರದ ಮಾಲು. ನಾಲ್ಕೂ ಟೈರಿನಲ್ಲಿ ಅದನ್ನು ನೋಡಿದ ಮೇಲೇ ಹಾಕಲು ಬಿಟ್ಟೆ. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್, ಹೊಸ ವಾಲ್ವ್ ಸೇರಿ 27 ಸಾವಿರ ಆಯಿತು. ಕಡಿಮೆ ದುಡ್ಡಲ್ಲ. ಹಳೆ ಟೈರಿಗೆ ಒಂದಿಷ್ಟು ಕಳೆದುಕೊಟ್ಟರು.

ದುಡ್ಡು ಜಾಸ್ತಿ ಆಯಿತು, ಎರಡೇ ಹಾಕಿಸಲಾ ಅಂತ ನಡುವೆ ಕೇಳಿದ್ದೆ. ಹಾಕಿಸಬಹುದು, ಆದರೆ ಹೊಸದು ಹಿಂದಕ್ಕೆ ಹೋಗಬೇಕು ಅಂದರು. ನನಗೆ ಆಶ್ಚರ್ಯ, ಏಕೆಂದರೆ ಎಲ್ಲರೂ ಹೊಸ ಟೈರನ್ನು ಮುಂದೆ ಹಾಕಿಸುತ್ತಾರೆ. ಮುಂದಿನ ಟೈರ್ ಜಾರಿದರೆ ಕಾರು ನೇರ ಹೋಗುತ್ತದೆ, ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸ್ಪೀಡು ಇಳಿದು ಮತ್ತೆ ಕೈಗೆ ಸಿಗುತ್ತದೆ. ಹಿಂದಿನದು ಜಾರಿದರೆ ಕಾರು ಬುಗುರಿಯ ಹಾಗೆ ತಿರುಗುತ್ತದೆ, ಆಮೇಲೆ ನಮ್ಮ ಕೈಯಲ್ಲಿ ಏನೂ ಇಲ್ಲ. ಟೈರ್ ಕಂಪನಿಗಳೂ ಇದನ್ನೇ ಹೇಳುತ್ತವೆ. ಚಾರ್ಮಾಡಿಯ ತಿರುವು ನೆನಪಾಗಿ ನಾಲ್ಕೂ ಹಾಕಿಸಿದೆ.

ಈಗ ಹೇಗಿದೆ? ಹಸ್ತ, ಚಿತ್ತೆ ಮಳೆಯಲ್ಲಿ ಅದೇ ಘಾಟಿ ಐದಾರು ಸಲ ಇಳಿದು ಹತ್ತಿದೆ. ಅದೇ ತಿರುವು, ಅದೇ ಅಡ್ಡ ನೀರು. ನೀರಿಗೆ ಇಳಿದಾಗ ಸ್ಟೀರಿಂಗ್ ಸ್ವಲ್ಪ ಭಾರ ಅನ್ನಿಸುತ್ತದೆ, ಚಕ್ರದ ಅಡಿಯಿಂದ ನೀರು ಸರ್ರನೆ ಪಕ್ಕಕ್ಕೆ ಹಾರುವ ಸದ್ದು ಬರುತ್ತದೆ, ಕಾರು ಹೇಳಿದ ಕಡೆ ತಿರುಗುತ್ತದೆ. ಹಾಗಂತ ನಾನು ಸ್ಪೀಡು ಜಾಸ್ತಿ ಮಾಡಿಲ್ಲ. ನಿಜವಾದ ಪರೀಕ್ಷೆ ಆಗಿದ್ದು ಮಾರ್ಚ್‌ನಲ್ಲಿ, ಕಾಫಿಗೆ ಹೂಮಳೆ ಬಿದ್ದ ದಿನ. ತಿಂಗಳುಗಟ್ಟಲೆ ಕೂತ ಧೂಳು, ಎಣ್ಣೆ ಎಲ್ಲ ಮೊದಲ ಮಳೆಗೆ ಲೋಳೆಯಾಗುತ್ತದೆ, ಜೋರು ಮಳೆಗಿಂತ ಆ ಮೊದಲ ಅರ್ಧ ಗಂಟೆ ಜಾಸ್ತಿ ಅಪಾಯ. ಬೇಲೂರಿನ ಹತ್ತಿರ ದನ ಅಡ್ಡ ಬಂತು, ಗಟ್ಟಿಯಾಗಿ ಬ್ರೇಕ್ ಒತ್ತಿದೆ. ಕಾರು ಎಳೆಯದೆ, ಜಾರದೆ ನೇರ ನಿಂತಿತು. ಒಣ ರಸ್ತೆಯಲ್ಲಿ ಸದ್ದು ಕಡಿಮೆ, ಗುಂಡಿಯ ಪೆಟ್ಟು ಮೊದಲಿನಷ್ಟು ಗೊತ್ತಾಗುವುದಿಲ್ಲ. ತೋಟದ ಕೆಸರು ದಾರಿಗೆ ಮಾತ್ರ ಇದು ಆಗುವುದಿಲ್ಲ. ಅಲ್ಲಿಗೆ ದೊಡ್ಡ ಬಟನ್‌ನ ಜೀಪ್ ಟೈರೇ ಬೇಕು, ರೋಡ್ ಟೈರಿನಿಂದ ಅದನ್ನು ಬಯಸಬಾರದು.

ಯಾರಿಗಾದರೂ ಮಕ್ಕಳು ಹಿಮದ ದೇಶದಲ್ಲಿದ್ದರೆ, ಅವರಿಗೆ ಬೆಟ್ಟದ ಗುರುತಿನ ಟೈರ್ ಹಾಕಿಸಿದ್ದೀಯಾ ಅಂತ ಕೇಳಿ. ಜೋರು ಹಿಮ ಬೀಳುವ ಊರಾದರೆ ಆಲ್ ವೆದರ್‌ಗಿಂತ ವಿಂಟರ್ ಸೆಟ್ಟೇ ಒಳ್ಳೆಯದು, ನಮ್ಮ ತಂಗಿ ಈಗಲೂ ಅದನ್ನೇ ಹಾಕುತ್ತಾಳೆ. ಚಿಕ್ಕಮಗಳೂರು, ಹಾಸನ, ಸಕಲೇಶಪುರದವರು ಆ ದುಡ್ಡನ್ನು ಒಳ್ಳೆ ರೋಡ್ ಟೈರ್‌ಗೆ ಹಾಕಿ, ಮೂರು ಮಿಲಿಮೀಟರ್‌ಗೆ ಬಂದಾಗಲೇ ಬದಲಾಯಿಸಿ, 1.6 ಆಗುವವರೆಗೆ ಕಾಯಬೇಡಿ. ಗಾಳಿಯನ್ನು ಬೆಳಗ್ಗೆ ಟೈರ್ ತಣ್ಣಗಿರುವಾಗಲೇ ನೋಡಿಸಿ, ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲಿದೆ. ಸ್ಟೆಪ್ನಿಯ ವರ್ಷವನ್ನೂ ಓದಿ. ನನ್ನದು ಕಾರಿನ ಜೊತೆ ಬಂದದ್ದೇ ಇನ್ನೂ ಇದೆ, ಜೂನ್ ಒಳಗೆ ಅದನ್ನೂ ತೆಗೆಸಬೇಕು. ಶನಿವಾರ ಹಾಸನದ ಆ ಅಂಗಡಿಯಲ್ಲಿ ರಷ್ ಇರುತ್ತದೆ, ವಾರದ ಮಧ್ಯೆ ಬೆಳಗ್ಗೆ ಹತ್ತಕ್ಕೆ ಹೋದರೆ ಹನ್ನೆರಡರ ಒಳಗೆ ಕೆಲಸ ಮುಗಿಸಿ ಕಳಿಸುತ್ತಾರೆ.