ಎರೆನಾಡಿನ ಅಲೆ, ಅರಬೈಲಿನ ತಿರುವು: ಒಂದು ಮಸ್ಟ್ಯಾಂಗ್, ಮೂರು ಸಸ್ಪೆನ್ಷನ್

ಹುಬ್ಬಳ್ಳಿಯಿಂದ ಕುಸುಗಲ್ ದಾಟಿ ನವಲಗುಂದದ ಕಡೆ ಹೊರಟರೆ ರಸ್ತೆ ನೋಡುವುದಕ್ಕೆ ನೆಟ್ಟಗಿದೆ. ಕಾರಿನಲ್ಲಿ ಕುಳಿತವರಿಗೆ ಮಾತ್ರ ಅದು ದೋಣಿ ಪ್ರಯಾಣ. ಕೆಳಗಿರುವುದು ಎರೆಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಹಾಸಿದ ಡಾಂಬರು ಕೆಲವು ವರ್ಷಗಳಲ್ಲಿ ಉದ್ದುದ್ದ ಅಲೆಗಳಾಗಿ ಏಳುತ್ತದೆ. ಗುಂಡಿಯಾದರೆ ಕಣ್ಣಿಗೆ ಬೀಳುತ್ತದೆ. ಈ ಅಲೆ ಬೀಳುವುದಿಲ್ಲ. ಮೊದಲ ಅಲೆಗೆ ನನ್ನ ಫೋರ್ಡ್ ಮಸ್ಟ್ಯಾಂಗ್ ಜಿಟಿ ಕಾರು ತಲೆಯಾಡಿಸುತ್ತಿತ್ತು, ಮೂರನೆಯದಕ್ಕೆ ಮೂತಿ ಎತ್ತಿ ಆಕಾಶ ನೋಡುತ್ತಿತ್ತು.

ನನಗೆ ಗೋಕುಲ ರಸ್ತೆಯಲ್ಲಿ ಬೇರಿಂಗ್ ಮತ್ತು ಬುಷ್ ಮಾರುವ ಅಂಗಡಿಯಿದೆ. ಟ್ರ್ಯಾಕ್ಟರಿನಿಂದ ಹಿಡಿದು ಹತ್ತಿ ಜಿನ್ನಿಂಗ್ ಯಂತ್ರದವರೆಗೆ ಎಲ್ಲದರ ಸವೆತ ನೋಡಿ ಹೊಟ್ಟೆ ಹೊರೆದುಕೊಂಡವನು. ಹೀಗಾಗಿ ಬೆಂಗಳೂರಿನಲ್ಲಿ ಎರಡನೇ ಕೈಯಲ್ಲಿ ಸಿಕ್ಕ ಈ ಕಾರಿನ ಸಸ್ಪೆನ್ಷನ್ (ಚಕ್ರಕ್ಕೂ ಮೈಗೂ ನಡುವೆ ಪೆಟ್ಟು ತಾಳುವ ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳ ವ್ಯವಸ್ಥೆ) ಸರಿಮಾಡುವುದು ನನಗೇನು ಕಷ್ಟ ಎಂಬ ಜಂಬವಿತ್ತು. ಎರಡು ವರ್ಷದಲ್ಲಿ ಮೂರು ದಾರಿ ಹಿಡಿದು ನೋಡಿದೆ. ಮೊದಲನೆಯದು ನನ್ನ ಭಾವಮೈದನ ಮಾತು ಕೇಳಿ, ಎರಡನೆಯದು ನನ್ನ ಹಟಕ್ಕೆ, ಮೂರನೆಯದು ಮಿಸ್ತ್ರಿಯ ಮಾತಿಗೆ.

ಕಾರಿನ ಬಗ್ಗೆ ಒಂದಿಷ್ಟು. ಭಾರತಕ್ಕೆ ಇದು 2016ರಲ್ಲಿ ಅಧಿಕೃತವಾಗಿ ಬಂತು. ಐದು ಲೀಟರಿನ, ಎಂಟು ಸಿಲಿಂಡರಿನ ವಿ8 ಎಂಜಿನ್, 401 ಪಿಎಸ್ ಶಕ್ತಿ, 515 ಎನ್ಎಂ ತಿರುಗುಬಲ. 1964ರಿಂದ ಮಸ್ಟ್ಯಾಂಗ್ ಎಂದರೆ ಹಿಂದುಗಡೆ ಲಾರಿಯಂತೆ ಗಟ್ಟಿ ಅಚ್ಚು ಎಂದೇ ಅರ್ಥ. ನಡುವೆ ಬಂದ ಕೆಲವು ವಿಶೇಷ ಮಾದರಿಗಳನ್ನು ಬಿಟ್ಟರೆ, ಎಲ್ಲ ಕಾರುಗಳಿಗೂ ಹಿಂದಿನ ಚಕ್ರಗಳು ಬಿಡಿಬಿಡಿಯಾಗಿ ಏರಿಳಿಯುವ ವ್ಯವಸ್ಥೆ ಬಂದದ್ದು ಈ ಆರನೆಯ ತಲೆಮಾರಿನಲ್ಲಿ. ಅಂದರೆ ಮೂಲ ಎಲುಬು ಚೆನ್ನಾಗಿದೆ. ಹೆದ್ದಾರಿಯಲ್ಲಿ ಹಾಯಾಗಿರಲಿ ಎಂದು ಸ್ನಾಯುಗಳನ್ನು ಮೆದುವಾಗಿ ಇಟ್ಟಿದ್ದಾರೆ, ಅಷ್ಟೆ. ಸುಮಾರು 1,800 ಕಿಲೋ ತೂಕ ಆ ಮೆದುತನದ ಮೇಲೆ ತೂಗುತ್ತದೆ.

ಪರೀಕ್ಷೆಗೆ ಮೂರು ರಸ್ತೆ. ನವಲಗುಂದದ ಅಲೆ ಒಂದು. ಕಲಘಟಗಿ, ಯಲ್ಲಾಪುರ ದಾಟಿ ಅಂಕೋಲೆಗೆ ಇಳಿಯುವ ಅರಬೈಲ್ ಘಟ್ಟ ಎರಡು. ಮೂರನೆಯದು ನಮ್ಮ ಮನೆಯಿಂದ ಅಂಗಡಿಗೆ ಹೋಗುವ ಒಳರಸ್ತೆ, ಏಳು ಸ್ಪೀಡ್ ಬ್ರೇಕರ್ ಸಮೇತ.

ತಗ್ಗಿಸುವ ಸ್ಪ್ರಿಂಗ್ ಮೊದಲು ಬಂತು. ಧಾರವಾಡದ ಭಾವಮೈದ ಕಾರು ನೋಡಿದ ದಿನವೇ ತೀರ್ಪು ಕೊಟ್ಟಿದ್ದ: "ಭಾವ, ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಬೆಕ್ಕು ಮಲಗುವಷ್ಟು ಜಾಗವಿದೆ. ಗಾಡಿ ನೆಲಕ್ಕೆ ಕೂರಬೇಕು." ಹೊರದೇಶದಿಂದ ತರಿಸಿದ ನಾಲ್ಕು ಸ್ಪ್ರಿಂಗ್, ಸುಂಕ ಸೇರಿ ಐವತ್ತು ಸಾವಿರದ ಆಸುಪಾಸು. ಕಾರು 25 ಮಿ.ಮೀ. ತಗ್ಗಿತು. ನೋಟ ನಿಜಕ್ಕೂ ಬದಲಾಯಿತು, ಅದನ್ನು ಅಲ್ಲಗಳೆಯುವುದಿಲ್ಲ. ಉಣಕಲ್ ಕೆರೆಯ ಬಳಿ ನಿಲ್ಲಿಸಿದರೆ ಹುಡುಗರು ಫೋಟೊ ತೆಗೆದುಕೊಂಡು ಹೋಗುತ್ತಿದ್ದರು.

ಓಡಿಸಿದರೆ ಬೇರೆಯೇ ಕಥೆ. ಸ್ಪ್ರಿಂಗ್ ಭಾರ ಹೊರುತ್ತದೆ, ಆದರೆ ಅದು ಎಷ್ಟು ಬೇಗ ಅದುಮಿಕೊಳ್ಳಬೇಕು, ಎಷ್ಟು ಬೇಗ ಚಿಮ್ಮಬೇಕು ಎಂಬುದನ್ನು ಹಿಡಿತದಲ್ಲಿಡುವುದು ಶಾಕ್ ಅಬ್ಸಾರ್ಬರ್. ಮೂಲ ಶಾಕ್ ಅಬ್ಸಾರ್ಬರು ಮೂಲ ಸ್ಪ್ರಿಂಗಿನ ಚಿಮ್ಮುವಿಕೆಗೆ ಲೆಕ್ಕ ಹಾಕಿದ್ದು. ತಗ್ಗಿಸುವ ಸ್ಪ್ರಿಂಗ್ ಮೂಲದ್ದಕ್ಕಿಂತ ಬಿಗಿ, ಅದನ್ನು ಹಾಕಿದರೆ ಶಾಕ್ ಅಬ್ಸಾರ್ಬರಿನ ಕೈ ಸೋಲುತ್ತದೆ. ನವಲಗುಂದದ ಅಲೆಯ ಲೆಕ್ಕವನ್ನು ನಾನೇ ಕಾಗದದ ಮೇಲೆ ಹಾಕಿ ನೋಡಿದೆ. ಗಂಟೆಗೆ 70 ಕಿ.ಮೀ. ಎಂದರೆ ಸೆಕೆಂಡಿಗೆ 19 ಮೀಟರಿಗಿಂತ ತುಸು ಹೆಚ್ಚು. ಅಲೆಯಿಂದ ಅಲೆಗೆ ಹೆಚ್ಚುಕಡಿಮೆ 15 ಮೀಟರ್ ಎಂದು ಹಿಡಿದರೆ ಸೆಕೆಂಡಿಗೆ 1.3 ಪೆಟ್ಟು. ಸಾಮಾನ್ಯ ಕಾರಿನ ಮೈ ತನ್ನ ಸ್ಪ್ರಿಂಗಿನ ಮೇಲೆ ತೂಗುವುದೂ ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ. ಜೋಕಾಲಿ ಹಿಂದಕ್ಕೆ ಬಂದಾಗಲೆಲ್ಲ ಸರಿಯಾದ ಹೊತ್ತಿಗೆ ಒಂದೊಂದು ನೂಕು ಕೊಟ್ಟಂತೆ. ಸ್ಪ್ರಿಂಗನ್ನು ಶೇಕಡ 20ರಷ್ಟು ಬಿಗಿ ಮಾಡಿದರೆ ಈ ತೂಗಾಟದ ವೇಗ ಹೆಚ್ಚುವುದು ಶೇಕಡ 10 ಮಾತ್ರ. ಅಂದರೆ 70ರಲ್ಲಿ ಆಗುತ್ತಿದ್ದ ಉಯ್ಯಾಲೆ 77ರಲ್ಲಿ ಆಗುತ್ತದೆ. ಐವತ್ತು ಸಾವಿರ ಕೊಟ್ಟು ನಾನು ಕೊಂಡದ್ದು ಆ ಏಳು ಕಿಲೋಮೀಟರ್!

ಸ್ಪೀಡ್ ಬ್ರೇಕರಿನ ಲೆಕ್ಕವೂ ಹೀಗೇ ಕಣ್ಣು ತೆರೆಸಿತು. ಇಂಡಿಯನ್ ರೋಡ್ ಕಾಂಗ್ರೆಸ್ ಹೇಳುವ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಅಂಥದರ ಮೇಲೆ 2.72 ಮೀಟರ್ ಅಂತರದ ಚಕ್ರಗಳೆರಡೂ ಹತ್ತಿ ನಿಂತಾಗ ಕಾರಿನ ಹೊಟ್ಟೆಗೆ ತಗಲಲು ಬರುವುದು ಕೇವಲ ಐದೂವರೆ ಸೆಂಟಿಮೀಟರ್. ಮೂಲದಲ್ಲಿ ಈ ಕಾರು ನೆಲದಿಂದ ಸುಮಾರು 137 ಮಿ.ಮೀ. ಎತ್ತರದಲ್ಲಿದೆ, ತಗ್ಗಿಸಿದರೂ ಧಾರಾಳವಾಗಿ ಪಾರು. ಆದರೆ ನಮ್ಮ ಓಣಿಯ ಉಬ್ಬುಗಳು ಹಾಗಿಲ್ಲ. ಯಾರೋ ರಾತ್ರೋರಾತ್ರಿ ಸಿಮೆಂಟ್ ಸುರಿದು ಕಟ್ಟಿದ, ಒಂದು ಮೊಳ ಅಗಲದ, 12 ಸೆಂ.ಮೀ. ಎತ್ತರದ ಒಡ್ಡುಗಳು. ಅಲ್ಲಿ ಪೂರ್ತಿ ಎತ್ತರವೂ ಹೊಟ್ಟೆಗೇ ಬರುತ್ತದೆ. ಮೂಲ ಕಾರಿಗೆ 17 ಮಿ.ಮೀ. ಉಳಿಯುತ್ತದೆ, ತಗ್ಗಿಸಿದ ಕಾರಿಗೆ 8 ಮಿ.ಮೀ. ಕಡಿಮೆ ಬೀಳುತ್ತದೆ. ಆ ಎಂಟು ಮಿಲಿಮೀಟರಿನ ಸದ್ದು ಕೇಳಿದ್ದೇ ತಡ, ಪಕ್ಕದಲ್ಲಿದ್ದ ಅವ್ವ, "ತಮ್ಮಾ, ಇದಕ್ಕಿಂತ ನಿನ್ನ ಅಪ್ಪನ ಚಕ್ಕಡಿಯೇ ವಾಸಿಯಿತ್ತು" ಎಂದಳು.

ಅರಬೈಲಿನಲ್ಲಾದರೂ ಮೆರೆಯುತ್ತದೆ ಎಂದುಕೊಂಡಿದ್ದೆ. ಮೊದಲ ತಿರುವಿನಲ್ಲಿ ಚುರುಕು, ನಂತರ ಗೊಂದಲ. ಇದಕ್ಕೊಂದು ಕಾರಣವಿದೆ. ಮುಂದಿನ ಚಕ್ರಗಳಿಗಿರುವ ಸ್ಟ್ರಟ್ (ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಸೇರಿ ಒಂದೇ ಕಂಬವಾದದ್ದು) ವ್ಯವಸ್ಥೆಯಲ್ಲಿ ಕಾರನ್ನು ತಗ್ಗಿಸಿದರೆ ಭಾರದ ಕೇಂದ್ರ ಒಂದು ಇಂಚು ಇಳಿಯುತ್ತದೆ, ಆದರೆ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಅದು ಇನ್ನೂ ಹೆಚ್ಚು ಇಳಿಯುತ್ತದೆ. ಎರಡರ ನಡುವಿನ ಅಂತರ ಬೆಳೆದು, ವಾಲಿಸುವ ಸನ್ನೆ ಉದ್ದವಾಗುತ್ತದೆ. ಸ್ಪ್ರಿಂಗ್ ಬಿಗಿಯಾದದ್ದರಲ್ಲಿ ಒಂದು ಪಾಲು ಅದನ್ನು ತಡೆಯುವುದಕ್ಕೇ ಖರ್ಚಾಗುತ್ತದೆ. ಜೊತೆಗೆ ಚಕ್ರಗಳು ಒಳಕ್ಕೆ ವಾಲಿ, ಅಲೈನ್‌ಮೆಂಟ್ ಮಾಡಿಸುವುದು ತಡವಾಗಿ, ಹಿಂದಿನ ಟೈರುಗಳ ಒಳಅಂಚು ಎಂಟು ಸಾವಿರ ಕಿ.ಮೀ.ಗೆ ನುಣ್ಣಗಾಯಿತು. ಅದು ನನ್ನದೇ ತಪ್ಪು. 275 ಅಗಲದ 19 ಇಂಚಿನ ಟೈರ್ ಜೋಡಿಯ ಬೆಲೆ ಕೇಳಿದವರು ನನ್ನನ್ನು ಕ್ಷಮಿಸಲಾರರು.

ಎರಡನೆಯದು ಕಾಯಿಲ್‌ಓವರ್. ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಒಂದಕ್ಕೊಂದು ಹೊಂದುವಂತೆ ಜೋಡಿಸಿದ ಪೂರ್ತಿ ಸೆಟ್ಟು. ಎತ್ತರಕ್ಕೆ ತಿರುಪು, ಬಿಗಿಗೆ ಮೂವತ್ತು ಕ್ಲಿಕ್ಕಿನ ಗುಂಡಿ. ಎರಡು ಲಕ್ಷಕ್ಕೆ ಕೊಂಚ ಕಡಿಮೆ. ಈ ಬಾರಿ ಎತ್ತರ ತಗ್ಗಿಸಿದ್ದು 10 ಮಿ.ಮೀ. ಮಾತ್ರ.

ಅರಬೈಲಿನಲ್ಲಿ ಇದಕ್ಕೆ ಸಾಟಿಯಿಲ್ಲ. ಹೊಸ ಡಾಂಬರಿನ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದ ಕ್ಷಣಕ್ಕೆ ಮೂತಿ ತಿರುಗುತ್ತದೆ, ಬ್ರೇಕ್ ಒತ್ತಿದರೆ ತಲೆ ಬಾಗುವುದಿಲ್ಲ, ಒಂದು ತಿರುವಿನಿಂದ ಎದುರು ತಿರುವಿಗೆ ಹೊರಳುವಾಗ ಆ ದೊಡ್ಡ ಮೈ ಇದೆಯೆಂಬುದೇ ಮರೆತುಹೋಗುತ್ತದೆ. ಮೂರು ದಾರಿಗಳಲ್ಲಿ ನನ್ನನ್ನು ನಗಿಸಿದ್ದು ಇದೊಂದೇ. ಹಾಗೆಂದು ಮಳೆಗಾಲದಲ್ಲಿ ಅದೇ ಘಟ್ಟಕ್ಕೆ ಹೋದಾಗ, ಕಿತ್ತುಹೋದ ಒಂದು ತಿರುವಿನಲ್ಲಿ ಹಿಂದಿನ ಚಕ್ರ ಜಲ್ಲಿಯ ಮೇಲೆ ಪುಟಪುಟನೆ ಕುಣಿದು ಅರ್ಧ ಅಡಿ ಪಕ್ಕಕ್ಕೆ ಜಾರಿತು. ನೆಲ ಬಿಟ್ಟ ಚಕ್ರಕ್ಕೆ ಯಾವ ಹಿಡಿತ? ಎದುರಿಗೆ ಅದಿರು ಹೊತ್ತ ಲಾರಿಯಿತ್ತು. ನಗು ಅಲ್ಲಿಗೆ ನಿಂತಿತು.

ನವಲಗುಂದದಲ್ಲಿ ಅಲೆಯ ಉಯ್ಯಾಲೆ ಪೂರ್ತಿ ಹೋಯಿತು. ಆದರೆ ಅಲೆಯ ಮೇಲಿನ ಸಣ್ಣ ಸಣ್ಣ ತೇಪೆಗಳೆಲ್ಲ ಬೆನ್ನುಹುರಿಗೆ ವರದಿಯಾಗತೊಡಗಿದವು. ಗುಂಡಿ ತಿರುಗಿಸಿ ಮೆದು ಮಾಡಿದರೆ ತೇಪೆ ಮರೆಯಾಗುತ್ತದೆ, ಉಯ್ಯಾಲೆ ಮರಳುತ್ತದೆ. ಅದುಮುವುದನ್ನೂ ಚಿಮ್ಮುವುದನ್ನೂ ಒಂದೇ ಗುಂಡಿ ಒಟ್ಟಿಗೆ ಬದಲಿಸುವುದರಿಂದ ಹೀಗೆ. ಎರಡಕ್ಕೂ ಬೇರೆ ಬೇರೆ ಗುಂಡಿಯಿರುವ ಸೆಟ್ಟುಗಳಿವೆ. ಅವುಗಳ ಬೆಲೆಗೆ ನಮ್ಮ ಕಡೆ ಹೊಸ ಬೈಕು ಎರಡು ಬರುತ್ತವೆ.

ಇದನ್ನು ನಾನು ಬಿಚ್ಚಿದ್ದು ಮಾತ್ರ ಈ ಯಾವುದಕ್ಕೂ ಅಲ್ಲ, ಟೊಕ್ ಟೊಕ್ ಎಂಬ ಸದ್ದಿಗೆ. ಸ್ಟ್ರಟ್ಟಿನ ನೆತ್ತಿಯಲ್ಲಿ ರಬ್ಬರಿನ ಬದಲು ಗೋಳಾಕಾರದ ಲೋಹದ ಬೇರಿಂಗ್ ಇತ್ತು. ಅದರಿಂದಲೇ ಸ್ಟೀರಿಂಗಿಗೆ ಆ ಚುರುಕು. ಆದರೆ ಅದರ ಬಾಯಿ ತೆರೆದಿತ್ತು, ಧೂಳು ತಡೆಯುವ ಸೀಲ್ ಇರಲಿಲ್ಲ. ಗದಗ ರಸ್ತೆಯ ಧೂಳು, ಆಮೇಲೆ ಮಳೆ, ಮತ್ತೆ ಧೂಳು. ಹತ್ತು ತಿಂಗಳಿಗೆ ಒಳಪದರ ತಿಂದುಹೋಯಿತು. ಮೂವತ್ತು ವರ್ಷ ಬೇರಿಂಗ್ ಮಾರಿದವನ ಕಾರಿನಲ್ಲಿ ಬೇರಿಂಗ್ ಸದ್ದು. ಅಂಗಡಿಯ ಮುಂದೆ ಕಾರು ನಿಲ್ಲಿಸಲು ನಾಚಿಕೆಯಾಗುತ್ತಿತ್ತು.

ಆಗ ಮಿಸ್ತ್ರಿ ಕಾರನ್ನು ಎತ್ತಿ, ಹಿಂದಿನ ಸಬ್‌ಫ್ರೇಮಿಗೆ ಸನ್ನೆಗೋಲು ಕೊಟ್ಟು ಅಲುಗಿಸಿದರು. ಇಡೀ ಹಿಂಭಾಗ ಹಂದಾಡಿತು. "ಸಾಹುಕಾರರೇ, ಬುನಾದಿ ಅಲುಗಾಡುತ್ತಿದೆ, ನೀವು ಬಾಗಿಲಿಗೆ ಬಣ್ಣ ಹಚ್ಚುತ್ತಿದ್ದೀರಿ" ಎಂದರು.

ಮೂರನೆಯ ದಾರಿಯ ತಿರುಳು ಅಲ್ಲಿದೆ. ಈ ಕಾರಿನ ಹಿಂದಿನ ತೋಳುಗಳು, ಎಂಜಿನ್ನಿನ ಬಲವನ್ನು ಎರಡು ಹಿಂಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಎಲ್ಲ ಕೂತಿರುವುದು ಸಬ್‌ಫ್ರೇಮ್ ಎಂಬ ಈ ಉಕ್ಕಿನ ಚೌಕಟ್ಟಿನಲ್ಲಿ. ಆ ಚೌಕಟ್ಟು ಕಾರಿಗೆ ಅಂಟಿಕೊಂಡಿರುವುದು ದಪ್ಪ ರಬ್ಬರ್ ಬುಷ್‌ಗಳ ಮೂಲಕ. ಸದ್ದು ಒಳಗೆ ಬರಬಾರದೆಂದು ಆ ರಬ್ಬರಿನಲ್ಲಿ ಖಾಲಿ ಜಾಗ ಬಿಟ್ಟಿರುತ್ತಾರೆ. ಜೋರಾಗಿ ಆ್ಯಕ್ಸಿಲರೇಟರ್ ಒತ್ತಿದಾಗ ಚೌಕಟ್ಟೇ ತಿರುಚಿ ಹಿಂದಿನ ಚಕ್ರಗಳು ಕುಪ್ಪಳಿಸುವುದು, ತಿರುವಿನ ನಡುವೆ ಹಿಂಭಾಗ ತಡವಾಗಿ ಹಿಂಬಾಲಿಸುವುದು, ಎಲ್ಲಕ್ಕೂ ಬೇರು ಇದು. ಆ ಖಾಲಿ ಜಾಗ ತುಂಬುವ ಪಾಲಿಯುರೆಥೇನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ತುಂಡುಗಳು ಸಿಗುತ್ತವೆ. ಹದಿನೈದು ಸಾವಿರದೊಳಗೆ ಮುಗಿಯಿತು. ಗೇರ್ ಸದ್ದು ಚೂರು ಹೆಚ್ಚಾಗಿದೆ, ರೇಡಿಯೊ ಹಚ್ಚಿದರೆ ಕೇಳುವುದಿಲ್ಲ. ಇಷ್ಟು ಕಡಿಮೆ ಹಣಕ್ಕೆ ಇಷ್ಟು ಬದಲಾವಣೆ ನಾನು ಬೇರೆಲ್ಲೂ ಕಂಡಿಲ್ಲ. ಕಾಯಿಲ್‌ಓವರಿಗೆ ಮೊದಲೇ ಇದನ್ನು ಮಾಡಿದ್ದರೆ ಬಹುಶಃ ಕಾಯಿಲ್‌ಓವರ್ ತರಿಸುತ್ತಲೇ ಇರಲಿಲ್ಲ.

ಜೊತೆಗೆ ಮೂಲ ಸ್ಪ್ರಿಂಗುಗಳು ವಾಪಸ್, ಕೋನಿ ಕಂಪನಿಯ ಆ್ಯಕ್ಟಿವ್ ಶಾಕ್ ಅಬ್ಸಾರ್ಬರುಗಳು ಹೊಸದಾಗಿ. ಇವುಗಳೊಳಗಿನ ಕವಾಟ, ಪೆಟ್ಟು ಎಷ್ಟು ಬೇಗ ಬೇಗ ಬರುತ್ತಿದೆ ಎಂಬುದರ ಮೇಲೆ ಎಣ್ಣೆಗೆ ದಾರಿ ಬಿಡುತ್ತದೆ: ತೇಪೆಯಂತಹ ತ್ವರಿತ ಪೆಟ್ಟಿಗೆ ಸಡಿಲ, ಅಲೆಯಂತಹ ನಿಧಾನದ ತೂಗಾಟಕ್ಕೆ ಬಿಗಿ. ಎರೆನಾಡಿನ ರಸ್ತೆ ನೋಡಿಯೇ ಮಾಡಿದರೇನೋ ಅನ್ನಿಸಿತು. ನವಲಗುಂದದ ಮೂರನೆಯ ಅಲೆಯ ಮೇಲೆ ಈಗ ಕಾರು ಒಮ್ಮೆ ಏರಿ, ಇಳಿದು, ಸುಮ್ಮನಾಗುತ್ತದೆ. ಮಜ್ಜಿಗೆಯ ತಂಬಿಗೆ ಹಿಡಿದು ಕುಳಿತ ಅವ್ವನ ಸೀರೆಯ ಮೇಲೆ ಹನಿ ಬೀಳಲಿಲ್ಲ. ಓಣಿಯ ಏಳು ಒಡ್ಡುಗಳನ್ನು ಓರೆಯಾಗಿ ದಾಟಿದರೆ ಸದ್ದಿಲ್ಲ. ಅರಬೈಲಿನಲ್ಲಿ ಕಾಯಿಲ್‌ಓವರಿನ ಆ ಹರಿತ ಇಲ್ಲ, ಕಾರು ವಾಲುತ್ತದೆ. ಆದರೆ ವಾಲಿ ಒಂದು ಕಡೆ ನಿಲ್ಲುತ್ತದೆ, ಕಿತ್ತ ತಿರುವಿನಲ್ಲೂ ಚಕ್ರ ನೆಲ ಬಿಡುವುದಿಲ್ಲ. ಒಟ್ಟು ಖರ್ಚು ಒಂದೂವರೆ ಲಕ್ಷದ ಹತ್ತಿರ.

ವಾಲುವುದನ್ನು ಕಡಿಮೆ ಮಾಡಲು ಹಿಂದಕ್ಕೆ ದಪ್ಪ ಆ್ಯಂಟಿ ರೋಲ್ ಬಾರ್ (ಎಡಬಲ ಚಕ್ರಗಳನ್ನು ಜೋಡಿಸುವ ಉಕ್ಕಿನ ಸರಳು) ಹಾಕಿ ಒಂದು ವಾರ ಓಡಿಸಿದ್ದೂ ಉಂಟು. ಒಣ ರಸ್ತೆಯಲ್ಲಿ ಚೆಂದ, ಮಳೆಯಲ್ಲಿ ಬಾಲ ಬೀಸುತ್ತದೆ. ತೆಗೆದೆ.

ಕಾನೂನಿನ ಮಾತೊಂದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಏನೇ ಬದಲಿಸುವ ಮೊದಲು ವಿಮೆಯವರಿಗೆ ಬರೆದು ತಿಳಿಸಿ ಉತ್ತರ ತರಿಸಿಕೊಳ್ಳುವುದು ಲೇಸು. ಫೋರ್ಡ್ 2021ರಲ್ಲಿ ಭಾರತದಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿದ್ದರಿಂದ, ಬಿಚ್ಚಿದ ಮೂಲ ಭಾಗಗಳನ್ನು ಗುಜರಿಗೆ ಹಾಕುವ ಯೋಚನೆಯನ್ನೂ ಮಾಡಬಾರದು. ನನ್ನ ಮೂಲ ಸ್ಪ್ರಿಂಗುಗಳು ಅಟ್ಟದ ಮೇಲೆ ಇದ್ದದ್ದಕ್ಕೆ ನಾನು ಉಳಿದುಕೊಂಡೆ.

ಈಗ ಅದೇ ಅಟ್ಟದ ಮೇಲೆ ಕಾಯಿಲ್‌ಓವರ್ ಸೆಟ್ಟು ಕುಳಿತಿದೆ. ಸೀಲ್ ಇರುವ ಬೇರಿಂಗ್ ಅದೇ ಅಳತೆಯಲ್ಲಿ ಸಿಗುತ್ತದೆಯೇ ಎಂದು ಕ್ಯಾಟಲಾಗ್ ತಿರುವುತ್ತಿದ್ದೇನೆ. ತಗ್ಗಿಸುವ ಸ್ಪ್ರಿಂಗುಗಳನ್ನು ಭಾವಮೈದ ಕೇಳುತ್ತಿದ್ದಾನೆ; ಅವನ ಬಳಿ ಇರುವುದು ಸ್ವಿಫ್ಟ್.