ಕ್ರೂಸ್ ಟಿಕೆಟ್ಟಿನಲ್ಲಿ ‘ಗ್ಯಾರಂಟಿ’ ಎಂದರೇನು? ಹಣ ಕಟ್ಟುವ ಮುನ್ನ ತಿಳಿದುಕೊಳ್ಳಿ

ಏಳು ರಾತ್ರಿಗಳ ಕ್ರೂಸ್ ಪ್ರವಾಸ ಮುಗಿಸಿ ನಾನು ಮತ್ತು ನನ್ನ ಪತ್ನಿ ಹಿಂದಿರುಗಿ ಮೂರು ವಾರಗಳಾದವು. ಹಡಗಿನ ಊಟಕ್ಕಾಗಲಿ, ಸ್ವಚ್ಛತೆಗಾಗಲಿ, ಸಿಬ್ಬಂದಿಯ ನಡವಳಿಕೆಗಾಗಲಿ ಹೆಸರಿಡುವಂತಿರಲಿಲ್ಲ. ನಾವು ಪೆಟ್ಟು ತಿಂದದ್ದು ಬುಕ್ಕಿಂಗ್ ಸಮಯದಲ್ಲಿ ಓದದೆ ಬಿಟ್ಟ ಷರತ್ತುಗಳಿಂದ.

ದರ ಕಡಿಮೆಯೆಂದು ನಾವು ಆರಿಸಿಕೊಂಡದ್ದು ‘ಗ್ಯಾರಂಟಿ’ ಕ್ಯಾಬಿನ್. ಹಣ ಕೊಟ್ಟ ದರ್ಜೆಯ ಅಥವಾ ಅದಕ್ಕಿಂತ ಮೇಲಿನ ದರ್ಜೆಯ ಒಂದು ಕೋಣೆ ಸಿಗುತ್ತದೆ ಎಂಬುದಷ್ಟೇ ಆ ಪದದ ಅರ್ಥ. ಅದು ಯಾವ ಡೆಕ್ಕಿನಲ್ಲಿ, ಹಡಗಿನ ಯಾವ ಭಾಗದಲ್ಲಿ ಎಂಬುದನ್ನು ಕಂಪನಿ ತನಗೆ ಅನುಕೂಲವಾದಂತೆ ತೀರ್ಮಾನಿಸುತ್ತದೆ. ನಮ್ಮ ಪಾಲಿಗೆ ಬಂದದ್ದು ಕೆಳಗಿನ ಡೆಕ್ಕಿನಲ್ಲಿ, ಹಡಗಿನ ಮೂತಿಗೆ ತೀರಾ ಹತ್ತಿರದ ಕೋಣೆ. ‘ದೊಡ್ಡ ಹಡಗು, ಅಲುಗಾಟವೇ ಗೊತ್ತಾಗುವುದಿಲ್ಲ’ ಎಂದು ಏಜೆಂಟರು ಹೇಳಿದ್ದು ಅರ್ಧ ಮಾತ್ರ ನಿಜ. ಹಡಗಿನ ಪಕ್ಕಗಳಿಂದ ರೆಕ್ಕೆಗಳಂತೆ ನೀರಿನೊಳಗೆ ಚಾಚಿಕೊಳ್ಳುವ ಸ್ಟೆಬಿಲೈಸರ್‌ಗಳು ಎಡಬಲದ ಓಲಾಟವನ್ನು ತಗ್ಗಿಸುತ್ತವೆಯೇ ಹೊರತು, ಅಲೆಗೆ ಎದುರಾದಾಗ ಮೂತಿ ಎದ್ದು ಬೀಳುವುದನ್ನು ತಡೆಯಲಾರವು. ಏತದ ಮರದ ಹಾಗೆ, ನಡು ನೆಟ್ಟಗಿದ್ದರೂ ತುದಿಗಳು ಏರಿಳಿಯುತ್ತವೆ. 2024ರಲ್ಲಿ ಯಾನ ಆರಂಭಿಸಿದ, ಸುಮಾರು 365 ಮೀಟರ್ ಉದ್ದದ ‘ಐಕಾನ್ ಆಫ್ ದ ಸೀಸ್’ ಕೂಡ ಈ ನಿಯಮಕ್ಕೆ ಹೊರತಲ್ಲ. ಎರಡನೆಯ ರಾತ್ರಿ ಪತ್ನಿ ವಾಂತಿಯಿಂದ ಹಣ್ಣಾದಳು. ಹಡಗಿನ ವೈದ್ಯರು ಒಂದು ಇಂಜೆಕ್ಷನ್ ಕೊಟ್ಟು ಚೆನ್ನಾಗಿಯೇ ನೋಡಿಕೊಂಡರು, ಆದರೆ ಚಿಕಿತ್ಸೆ ಟಿಕೆಟ್ಟಿನಲ್ಲಿ ಸೇರಿರುವುದಿಲ್ಲ. ವಿಮೆ ಇದ್ದವರೂ ಸಾಮಾನ್ಯವಾಗಿ ಮೊದಲು ತಾವೇ ಹಣ ಕಟ್ಟಿ ಅನಂತರ ವಸೂಲಿ ಮಾಡಿಕೊಳ್ಳಬೇಕು. ನಾವು ವಿಮೆಯನ್ನೇ ಮಾಡಿಸಿರಲಿಲ್ಲ.

ನಾಲ್ಕನೆಯ ದಿನ ನಸುಕಿನಲ್ಲಿ ಮಂಚ ನಡುಗಿ ಎಚ್ಚರವಾಯಿತು. ಹಡಗನ್ನು ಪಕ್ಕಕ್ಕೆ ಸರಿಸುವ ಥ್ರಸ್ಟರ್‌ಗಳು ಇರುವುದು ಮೂತಿಯ ತಳದಲ್ಲಿ, ಎಂದರೆ ಹೆಚ್ಚುಕಡಿಮೆ ನಮ್ಮ ಕೋಣೆಯ ಕೆಳಗೆ. ಮೇಜಿನ ಮೇಲಿನ ಲೋಟದ ನೀರಿನಲ್ಲಿ ಸಣ್ಣ ಸಣ್ಣ ಉಂಗುರಗಳು ಏಳುತ್ತಿದ್ದಂತೆಯೇ, ಲಂಗರಿನ ಸರಪಳಿ ಗೋಡೆಯಾಚೆ ಗಡಗಡನೆ ಇಳಿಯಿತು. ಎದುರಿಗಿದ್ದದ್ದು ಒಂದು ದ್ವೀಪ. ನಾವು ಬಹುಮಟ್ಟಿಗೆ ಅದಕ್ಕಾಗಿಯೇ ಈ ಪ್ರವಾಸವನ್ನು ಆರಿಸಿದ್ದೆವು. ಸ್ನಾನ ಮುಗಿಸಿ, ಟೋಪಿ ಧರಿಸಿ, ಸಾಲಿನಲ್ಲಿ ನಿಂತ ಮೇಲೆ ಕ್ಯಾಪ್ಟನ್ನರ ಪ್ರಕಟಣೆ ಬಂತು: ಅಲೆಗಳ ಅಬ್ಬರದಿಂದಾಗಿ ಇಳಿಯುವ ಕಾರ್ಯಕ್ರಮ ರದ್ದಾಗಿದೆ. ಹಡಗು ಬಂದರಿನ ಕಟ್ಟೆಗೆ ತಾಗದೆ ದೂರದಲ್ಲಿ ಲಂಗರು ಹಾಕುವ ಕಡೆ ಪ್ರಯಾಣಿಕರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಸಾಗಿಸುತ್ತಾರೆ. ಸಮುದ್ರ ಸ್ವಲ್ಪ ಕೆರಳಿದರೂ ಮೊದಲು ಕೈಬಿಡುವುದು ಇಂಥ ನಿಲ್ದಾಣಗಳನ್ನೇ. ಸುರಕ್ಷತೆಯ ದೃಷ್ಟಿಯಿಂದ ಆ ನಿರ್ಧಾರ ಸರಿ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಯಾವುದೇ ಬಂದರನ್ನು ಬಿಡುವ ಅಥವಾ ಬದಲಿಸುವ ಹಕ್ಕು ಕಂಪನಿಗಿದೆಯೆಂದು ಷರತ್ತಿನಲ್ಲಿ ಬರೆದಿತ್ತು. ಹಾಗಾಗಿ ಮರಳಿ ಬಂದದ್ದು ಆ ಬಂದರಿನ ತೆರಿಗೆ ಮಾತ್ರ. ಹಡಗಿನ ಮೂಲಕವೇ ಸ್ಥಳೀಯ ಪ್ರವಾಸ ಕಾದಿರಿಸಿದವರಿಗೆ ಪೂರ್ತಿ ಹಣ ವಾಪಸಾಯಿತು. ಅಗ್ಗವೆಂದು ಹೊರಗಡೆ ಮುಂಗಡ ಕೊಟ್ಟಿದ್ದ ನಮ್ಮ ಹಣ ಮುಳುಗಿತು.

ಟಿಪ್ಸ್ ವಿಚಾರವೂ ಹಾಗೆಯೇ. ತಲೆಗೆ ಇಂತಿಷ್ಟರಂತೆ ಪ್ರತಿದಿನ ತಾನಾಗಿ ಹಡಗಿನಲ್ಲಿನ ನಮ್ಮ ಖರ್ಚಿನ ಖಾತೆಗೆ ಬೀಳುತ್ತದೆ, ಪಾನೀಯಗಳ ಮೇಲೆ ಸೇವಾಶುಲ್ಕ ಬೇರೆ. ಆ ಖಾತೆಗೆ ಡೆಬಿಟ್ ಕಾರ್ಡ್ ಜೋಡಿಸಲೇಬೇಡಿ. ಖರ್ಚಿನ ಅಂದಾಜಿಗೆಂದು ತಡೆಹಿಡಿದ ಮೊತ್ತ ಬಿಡುಗಡೆಯಾಗಲು ದಿನಗಟ್ಟಲೆ ಹಿಡಿಯುತ್ತದೆ, ಅಷ್ಟು ದಿನ ಸಿಕ್ಕಿಹಾಕಿಕೊಳ್ಳುವುದು ನಿಮ್ಮ ಸ್ವಂತ ಹಣ.

ಇಷ್ಟಾದರೂ ಸುಮ್ಮನಿದ್ದೆ. ಈ ಬರಹಕ್ಕೆ ಕೂರಿಸಿದ್ದು ಮೊನ್ನೆ ಬಂದ ಮೊಬೈಲ್ ಬಿಲ್. ದಡ ದೂರವಾದ ಮೇಲೆ ಹಡಗು ಉಪಗ್ರಹದ ಮೂಲಕ ತನ್ನದೇ ಮೊಬೈಲ್ ಜಾಲವನ್ನು ಚಾಲೂ ಮಾಡುತ್ತದೆ. ಸಾಧಾರಣ ರೋಮಿಂಗ್ ಪ್ಯಾಕ್‌ಗಳು ಅದಕ್ಕೆ ಅನ್ವಯಿಸುವುದಿಲ್ಲ. ದ್ವೀಪದಿಂದ ಹೊರಟ ರಾತ್ರಿ ನಾನು ಏರೋಪ್ಲೇನ್ ಮೋಡ್ ಹಾಕಲು ಮರೆತು ಮಲಗಿದ್ದೆ. ಬೆಳಗಿನವರೆಗೆ ಫೋನು ತಾನಾಗಿಯೇ ಫೋಟೋಗಳನ್ನು ಕ್ಲೌಡ್‌ಗೆ ಏರಿಸಿದೆ. ಯಾವ ಫೋಟೋಗಳೆಂದು ತೆಗೆದು ನೋಡಿದೆ: ನಾವು ಕಾಲಿಡಲಾಗದ ಆ ದ್ವೀಪವನ್ನು ಡೆಕ್ಕಿನ ಕಟಕಟೆಗೆ ಒರಗಿ ತೆಗೆದ ನಲವತ್ತೊಂದು ಚಿತ್ರಗಳು.